ವಿಭೂತಿ ಮೀನು ಯಾಕೆ ಸತ್ತಿತು

ಅಕ್ಕ ತೀರಿಕೊಂಡ ದಿನ ಮಠದಿಂದ ಬಂದಿದ್ದ ಅಯ್ಯನವರು ಮಂತ್ರ ಹೇಳುವುದನ್ನು ನಿಲ್ಲಿಸಿ ಅಕ್ಕನ ಹೆಸರು ಕೇಳಿದರು. ಅಂಗಳದ ತುಂಬ ಜನ ನಿಂತಿದ್ದೆವು. ಎಲ್ಲರೂ ಆ ಮನೆಯಲ್ಲಿ ಉಂಡವರು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವೇ ಹೊರತು ಹೆಸರು ಯಾರ ಬಾಯಿಗೂ ಬರಲಿಲ್ಲ. ಕೊನೆಗೆ ಹಾಸನದಿಂದ ಬಂದಿದ್ದ ಅವರ ತಮ್ಮ ಹೇಳಿದರು. ಅದನ್ನು ಕೇಳಿ ದನದ ಆಸ್ಪತ್ರೆಯ ಕಾಂಪೌಂಡರ್ ಪುಟ್ಟೇಗೌಡರು, "ಅದ್ಯಾರೋ ಬೇರೆಯವ್ರಿರ್ಬೇಕು ಕಣ್ರೀ, ಸರಿಯಾಗಿ ನೋಡಿ" ಅಂದುಬಿಟ್ಟರು. ಅಳುತ್ತಿದ್ದ ಹೆಂಗಸರು ಸೆರಗಿನೊಳಗೇ ನಕ್ಕರು. ಆ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಅಕ್ಕನಿಗೆ ಅದು ಹೊಂದುವುದಿಲ್ಲ.

ಆಲೂರಿನ ತಾಲ್ಲೂಕು ಕಚೇರಿಯ ಹಿಂದಿನ ಬೀದಿಯಲ್ಲಿ ಅಕ್ಕನ ಮೆಸ್ಸು. ಗಂಡ ಹೋದ ಮೇಲೆ ಶುರು ಮಾಡಿದ್ದು. ಮನೆಯ ಮುಂದಿನ ಕೋಣೆಯನ್ನು ನನಗೆ ಬಾಡಿಗೆಗೆ ಕೊಟ್ಟಿದ್ದರು; ಅಲ್ಲಿ ನನ್ನ ಹೊಲಿಗೆ ಮಿಷನ್ನು. ಅವರ ಅಡಿಗೆಮನೆಗೂ ನನ್ನ ಅಂಗಡಿಗೂ ನಡುವೆ ಒಂದು ಮಣ್ಣಿನ ಗೋಡೆ. ಒಗ್ಗರಣೆ ಬಿದ್ದರೆ ನನಗೆ ಕೆಮ್ಮು ಬರುತ್ತಿತ್ತು. ನಾನು ಕೆಮ್ಮಿದರೆ ಅವರು ಆ ಕಡೆಯಿಂದ, "ಬಂದೆ ತಡಿಯೋ, ಇನ್ನೂ ಸಾರು ಕುದೀಬೇಕು" ಅನ್ನುತ್ತಿದ್ದರು. ನನಗೆ ಹಸಿವಾಗಿದೆಯೋ ಇಲ್ಲವೋ ಅವರು ಕೇಳಿದ್ದೇ ಇಲ್ಲ. ಅವರಿಗೆ ಗೊತ್ತಿರುತ್ತಿತ್ತು.

ಅಕ್ಕ ಅಡಿಗೆ ಮಾಡುವಾಗ ರುಚಿ ನೋಡುತ್ತಿರಲಿಲ್ಲ. ಲಿಂಗಕ್ಕೆ ತೋರಿಸದ ಅಡಿಗೆಯನ್ನು ನಾಲಿಗೆಗೆ ತಾಗಿಸುವುದು ಅವರಲ್ಲಿ ಇಲ್ಲ. ಉಪ್ಪು, ಹುಳಿ, ಖಾರ ಎಲ್ಲ ಕಣ್ಣಂದಾಜು. ಅಷ್ಟು ವರ್ಷದಲ್ಲಿ ಬಸ್ಸಾರಿಗೆ ಉಪ್ಪು ಕಮ್ಮಿಯಾಯಿತು ಅಂತ ಒಬ್ಬ ಗುಮಾಸ್ತನೂ ಹೇಳಿದ್ದಿಲ್ಲ. ಹೇಳುವ ಧೈರ್ಯ ಇತ್ತೋ ಇಲ್ಲವೋ, ಅದು ಬೇರೆ ಮಾತು.

ಬಡಿಸುವುದರಲ್ಲಿಯೂ ಹಾಗೆಯೇ. "ಬೇಕಾ, ಸಾಕಾ" ಎಂಬ ಮಾತೇ ಅವರ ಬಾಯಲ್ಲಿ ಇರಲಿಲ್ಲ. ತಟ್ಟೆಗೆ ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ಬಡಿಸುತ್ತಿದ್ದರು. ಹೊಸದಾಗಿ ಬಂದ ಸರ್ವೆಯರ್ ಒಬ್ಬರು ಹೀಗೆ ಕೈ ಅಡ್ಡ ಹಿಡಿದು, ಅಂಗೈಯಲ್ಲಿ ಬಿಸಿ ಮುದ್ದೆ ಹಿಡಿದುಕೊಂಡು ಎಲ್ಲಿ ಇಡುವುದೆಂದು ತಿಳಿಯದೆ ಎದ್ದು ನಿಂತದ್ದನ್ನು ನಾನೇ ನೋಡಿದ್ದೇನೆ. "ಯಾಕೆ ಎದ್ರಿ? ಕೂತ್ಕಳಿ. ದೊಡ್ಡಾಳು ನೀವು, ಒಂದು ಮುದ್ದೆ ಎಲ್ಲಿಗಾಯ್ತದೆ?" ಅಂದರು ಅಕ್ಕ. ಅವರು ಕೂತು ಉಂಡರು.

ಊರಿನಲ್ಲಿ ಅಕ್ಕನ ಕೈಗುಣಕ್ಕೆ ದೊಡ್ಡ ಹೆಸರು. ಅವರು ನೆಟ್ಟ ಕರಿಬೇವು ಬಾಡಿದ್ದಿಲ್ಲ. ಹೆಪ್ಪು ಹಾಕಿದ ಹಾಲು ಒಡೆದದ್ದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಎಳೆ ಕೂಸಿಗೆ ಮೊದಲ ನೀರು ಎರೆಯಲು ಅಕ್ಕನೇ ಬೇಕು. ಕಾಲು ನೀಡಿ ಕೂತು, ಮೊಣಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಹುಯ್ದರೆ ಆ ಮಗು ಜ್ವರ, ನೆಗಡಿ ಕಾಣದೆ ಬೆಳೆಯುತ್ತದೆ ಎಂದು ಜನ ನಂಬಿದ್ದರು. ಅಕ್ಕನಿಗೆ ಸ್ವಂತ ಮಕ್ಕಳಿರಲಿಲ್ಲ. ಅದರ ಬಗ್ಗೆ ಅವರೂ ಮಾತಾಡಲಿಲ್ಲ, ನಾವೂ ಕೇಳಲಿಲ್ಲ. ಬೀದಿಯಲ್ಲಿ ಓಡುವ ಮಕ್ಕಳನ್ನು ತೋರಿಸಿ, "ಅದು ನನ್ ಕೈಲಿ ನೀರು ಹುಯ್ಸ್ಕೊಂಡಿದ್ದು, ಇದೂ ನನ್ ಕೈದೇ" ಎನ್ನುವಾಗ ಅವರ ಮುಖ ನೋಡಬೇಕಿತ್ತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಅಕ್ಕನ ಮನೆಯ ಹಿಂದಿನ ಕೋಣೆಗೆ ಬ್ಯಾಂಕಿನ ಫೀಲ್ಡ್ ಆಫೀಸರೊಬ್ಬರು ಬಂದರು. ಮಂಗಳೂರು ಕಡೆಯವರು, ಇನ್ನೂ ಮದುವೆಯಾಗಿರಲಿಲ್ಲ. ಹೆತ್ತೂರು, ಯಸಳೂರು ಕಡೆಯ ಕಾಫಿ ತೋಟಗಳನ್ನು ನೋಡಿ ಬರುವುದು ಅವರ ಕೆಲಸ. ಅವರ ಜೀಪಿನಿಂದ ಹಾಸಿಗೆಗಿಂತ ಮೊದಲು ಒಂದು ಗಾಜಿನ ತೊಟ್ಟಿ ಇಳಿಯಿತು. ಆಮೇಲೆ ಕ್ಯಾನು ಕ್ಯಾನು ನೀರು.

"ನಮ್ಮೂರಲ್ಲಿ ನೀರಿಗೇನು ಬರವಾ?" ಅಂದರು ಅಕ್ಕ.

"ಇದು ಸಮುದ್ರದ ನೀರು, ಅಕ್ಕ."

"ಸಮುದ್ರದ ನೀರಲ್ಲಿ ಏನ್ ಮಾಡ್ತೀರಿ?"

ಆಫೀಸರು ಒಂದು ಪ್ಲಾಸ್ಟಿಕ್ ಚೀಲ ಎತ್ತಿ ತೋರಿಸಿದರು. ಅದರೊಳಗೆ ಒಂದು ಸಣ್ಣ ಮೀನು.

"ಅಯ್ಯೋ ಶಿವನೇ! ನಮ್ ಮನೇಲಿ ಮೀನಾ?"

"ತಿನ್ನುದಕ್ಕಲ್ಲ ಅಕ್ಕ. ನೋಡುದಕ್ಕೆ."

"ನೋಡೋಕೆ ಯಾಕ್ರೀ ಮೀನು? ನೋಡೋಕೆ ಬೇರೆ ಏನೂ ಇಲ್ವಾ ಆಲೂರಲ್ಲಿ?"

ಆಫೀಸರು ನಿಜವಾಗಿಯೂ ಯೋಚನೆ ಮಾಡಿದರು. ಬಸ್ ನಿಲ್ದಾಣದ ಕಡೆ ಒಮ್ಮೆ, ತಾಲ್ಲೂಕು ಕಚೇರಿಯ ಕಡೆ ಒಮ್ಮೆ ನೋಡಿದರು.

ಜೀಪು ವಾಪಸು ಹೋಗುವುದೇ ಅಂತ ನಾನು ಅಂದುಕೊಂಡೆ. ಅಷ್ಟರಲ್ಲಿ ಅಕ್ಕ ಹತ್ತಿರ ಹೋಗಿ ಚೀಲದೊಳಗೆ ಬಗ್ಗಿ ನೋಡಿದರು. ಮೈಯೆಲ್ಲ ಕಾವಿ ಬಣ್ಣ. ಅದರ ಮೇಲೆ ಮೂರು ಬಿಳಿ ಪಟ್ಟೆ, ಅಳತೆ ಹಿಡಿದು ಎಳೆದ ಹಾಗೆ.

"ಏನ್ಲಾ ಇದು," ಅಂದರು ನನ್ನ ಕಡೆ ತಿರುಗಿ. "ಕಾವಿ ಉಟ್ಕೊಂಡು ವಿಭೂತಿ ಹಚ್ಕೊಂಡೈತಲ್ಲೋ!"

ಅಲ್ಲಿಗೆ ತೀರ್ಮಾನವಾಯಿತು. ಮೀನು ಒಳಗೆ ಹೋಯಿತು. ಅಂದಿನಿಂದ ಅದರ ಹೆಸರು ಸ್ವಾಮಿಗಳು. ಅದರ ಜೊತೆ ಒಂದು ಪುಟ್ಟ ಏಡಿಯೂ ಬಂದಿತ್ತು. ಯಾರದೋ ಖಾಲಿ ಶಂಖದೊಳಗೆ ಸೇರಿಕೊಂಡು, ಮನೆಯನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತಿತ್ತು. ಅದಕ್ಕೆ ಅಕ್ಕ ಬಾಡಿಗೆದಾರ ಅಂತ ಹೆಸರಿಟ್ಟರು. ಡಬ್ಬಿಯಲ್ಲಿದ್ದ ಮೀನಿನ ಆಹಾರ ಯಾವುದರದು ಎಂದು ಅವರು ಕೇಳಿದಾಗ ಆಫೀಸರು "ಸಿಗ..." ಎಂದು ಸಿಗಡಿಯ ಹೆಸರು ಹೇಳಲು ಬಾಯಿ ತೆರೆದರು. ನಾನು ಕಣ್ಸನ್ನೆ ಮಾಡಿದೆ. "ಸಿಕ್ಕಿದ್ದೆಲ್ಲ ಹಾಕಿ ಮಾಡ್ತಾರೆ" ಅಂದರು. ಅಕ್ಕನಿಗೆ ಸಮಾಧಾನವಾಯಿತು.

ಬರಬರುತ್ತ ಆಫೀಸರಿಗಿಂತ ಅಕ್ಕನೇ ಆ ತೊಟ್ಟಿಯ ಮುಂದೆ ಹೆಚ್ಚು ಹೊತ್ತು ಕೂರುವ ಹಾಗಾಯಿತು. ಮೆಸ್ಸಿನ ಊಟ ಮುಗಿದ ಮೇಲೆ ಹಿಂದಿನ ಕೋಣೆಗೆ ಹೋಗಿ, ಸೊಪ್ಪು ಬಿಡಿಸುತ್ತ ಅದರ ಜೊತೆ ಮಾತಾಡುತ್ತಿದ್ದರು. "ಇವತ್ತು ಶಿರಸ್ತೇದಾರರು ಎರಡನೇ ಸಲ ಅನ್ನ ಹಾಕಿಸ್ಕಳ್ಲಿಲ್ಲ, ಮನೇಲಿ ಜಗಳ ಆಡ್ಕೊಂಡ್ ಬಂದವ್ರೆ" ಎಂಬಂಥ ಮಾತು. ಮೀನು ಗಾಜಿನ ಹತ್ತಿರ ಬಂದು ಬಾಲ ಅಲ್ಲಾಡಿಸುತ್ತಿತ್ತು. "ನೋಡೋ, ತಲೆ ಆಡಿಸ್ತಾವ್ರೆ ಸ್ವಾಮಿಗಳು" ಎಂದು ಅಕ್ಕ ಗೋಡೆಯ ಆ ಕಡೆಯಿಂದ ಕೂಗುತ್ತಿದ್ದರು.

ಆಫೀಸರಿಗೆ ದೂರದೂರಿನಲ್ಲಿ ಬ್ಯಾಂಕಿನ ತರಬೇತಿ ಬಂತು. ಹೊರಡುವ ಮೊದಲು ಅಕ್ಕನಿಗೆ ಎಲ್ಲ ವಿವರಿಸಿದರು. ದಿನಕ್ಕೊಂದು ಚಿಟಿಕೆ ಆಹಾರ. ಬಿಸಿಲಿಗೆ ನೀರು ಆರಿ, ಗಾಜಿನ ಮೇಲಿನ ಗೆರೆಗಿಂತ ಕೆಳಗಿಳಿದರೆ ಮೇಲಿಂದ ಸಿಹಿನೀರು ತುಂಬಬೇಕು. ಉಪ್ಪು ಹಾಕಬಾರದು, ಏಕೆಂದರೆ ಆರುವುದು ನೀರು ಮಾತ್ರ, ಉಪ್ಪು ಅಲ್ಲಿಯೇ ಇರುತ್ತದೆ. ಕೊಳಾಯಿ ನೀರು ಬೇಡ, ಬ್ಲೀಚಿಂಗ್ ಪೌಡರ್ ಹಾಕಿರುತ್ತಾರೆ. ಬಾವಿ ನೀರು ಹಾಕಿ. ಕರೆಂಟು ಹೋಗಿ ಗಾಳಿ ಪಂಪು ನಿಂತರೆ ತೊಟ್ಟಿಯ ನೀರನ್ನೇ ಚೊಂಬಿನಲ್ಲಿ ಎತ್ತಿ ಮೇಲಿನಿಂದ ಹುಯ್ಯುತ್ತಿರಿ, ಗಾಳಿ ಸೇರುತ್ತದೆ.

"ಅಭಿಷೇಕ ಅನ್ನಿ," ಅಂದರು ಅಕ್ಕ.

"ಹಾಗೇ ಅಂತ ಇಟ್ಟುಕೊಳ್ಳಿ."

"ಹೋಗಿ ಬನ್ನಿ. ಸ್ವಾಮಿಗಳ ಯೋಚನೆ ಬುಟ್ಬುಡಿ."

ಆಮೇಲಿನ ದಿನಗಳಲ್ಲಿ ಆಲೂರಿನ ಕರೆಂಟು ತನ್ನ ಎಂದಿನ ಬುದ್ಧಿ ತೋರಿಸುತ್ತಿತ್ತು. ಕರೆಂಟು ಹೋದ ಕೂಡಲೇ ಅಕ್ಕ ಸೌಟನ್ನು ಯಾರ ಕೈಗಾದರೂ ಕೊಟ್ಟು ಹಿಂದಿನ ಕೋಣೆಗೆ ಓಡುತ್ತಿದ್ದರು. ತಹಶೀಲ್ದಾರರ ಕಚೇರಿಯ ಗುಮಾಸ್ತರು ತಾವೇ ಬಡಿಸಿಕೊಂಡು ಉಂಡರು. ಒಳಗಿನಿಂದ ನೀರು ಹುಯ್ಯುವ ಸದ್ದು, ಜೊತೆಗೆ "ಓಂ ನಮಃ ಶಿವಾಯ."

ಒಂದು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದೆ. ಗೋಡೆಯ ಆ ಕಡೆ ಒಗ್ಗರಣೆಯ ಸದ್ದಿಲ್ಲ. ಒಳಗೆ ಹೋಗಿ ನೋಡಿದರೆ ಅಕ್ಕ ತೊಟ್ಟಿಯ ಮುಂದೆ ಕೂತಿದ್ದಾರೆ.

"ಸ್ವಾಮಿಗಳು ಏಳ್ತಾ ಇಲ್ಲ ಕಣೋ."

ಮೀನು ಮರಳಿನ ಮೇಲೆ ಒಂದು ಪಕ್ಕಕ್ಕೆ ಮಲಗಿತ್ತು. ಏಡಿ ಶಂಖ ಬಿಟ್ಟು ಹೊರಗೆ ಬಿದ್ದಿತ್ತು, ಅದೂ ಅಲ್ಲಾಡಲಿಲ್ಲ. ನಾನು ಗಾಜು ತಟ್ಟಿದೆ. ಸತ್ತದ್ದು ಗಾಜು ತಟ್ಟಿದರೆ ಏಳುತ್ತದೆಯೇ, ಆದರೂ ತಟ್ಟಿದೆ.

ಅಕ್ಕ ತಮ್ಮ ಎರಡೂ ಕೈಗಳನ್ನು ಮುಂದೆ ಹಿಡಿದು, ಬೇರೆ ಯಾರದೋ ಕೈಗಳ ಹಾಗೆ ನೋಡಿಕೊಂಡರು. "ನೆನ್ನೆ ಇನ್ನೂ ಆಡ್ತಿತ್ತಲ್ಲೋ. ನನ್ ಕೈಲಿ ಕೊಟ್ಟು ಹೋದ್ರಲ್ಲೋ."

ಆಗ ನನ್ನ ಹೆಂಡತಿ ಸುಶೀಲ ತುಂಬು ಬಸುರಿ, ಚೊಚ್ಚಲು. ಅವಳಿಗೆ ಚಿಕ್ಕಂದಿನಲ್ಲೇ ತಾಯಿ ತೀರಿಹೋಗಿದ್ದರು. ಹೆರಿಗೆಗೆ ಹೋಗಲು ತವರಿಲ್ಲ ಎಂದು ಅವಳು ಅತ್ತಾಗ, "ನಾನಿಲ್ವೇನೇ? ನಿನ್ ಬಾಣಂತನ ನಂದು, ಕೂಸಿನ ನೀರು ನಂದು" ಎಂದು ಅಕ್ಕ ಮಾತು ಕೊಟ್ಟಿದ್ದರು. ಬಜೆ, ಎಳ್ಳೆಣ್ಣೆ, ಮೆತ್ತಗಿನ ಹಳೆ ಸೀರೆಯ ಬಟ್ಟೆ ಎಲ್ಲ ಕೂಡಿಸಿ ಇಟ್ಟೂ ಆಗಿತ್ತು. ಅವತ್ತು ಸಂಜೆ ಆ ಗಂಟನ್ನು ಹೊತ್ತುಕೊಂಡು ನಮ್ಮ ಮನೆಗೆ ಬಂದು ಜಗಲಿಯ ಮೇಲಿಟ್ಟರು.

"ಬೇರೆ ಯಾರ್ನಾರ ನೋಡ್ಕೊ ಕಣವ್ವ."

"ಯಾಕಕ್ಕ? ಒಂದು ಮೀನು ಸತ್ತಿದ್ದಕ್ಕಾ?"

"ಒಂದು ಮೀನು ಉಳಿಸ್ಕಳಾಕ್ಕಾಗ್ಲಿಲ್ಲ ಈ ಕೈಗೆ. ಅದು ಯಾಕೆ ಸತ್ತೋಯ್ತು ಅಂತ ಗೊತ್ತಾಗೋಗಂಟ ನಾನು ಯಾರ ಕೂಸನ್ನೂ ಮುಟ್ಟಾಕಿಲ್ಲ."

ಸುಶೀಲ ರಾತ್ರಿ ಊಟ ಮಾಡಲಿಲ್ಲ. ಹಾಗಾಗಿ ಮೀನು ಯಾಕೆ ಸತ್ತಿತು ಎಂಬುದು ನನ್ನ ಸಂಸಾರದ ಪ್ರಶ್ನೆಯೂ ಆಯಿತು. ನಾನು ಹೋಗಿ ಪುಟ್ಟೇಗೌಡರನ್ನು ಕರೆದುಕೊಂಡು ಬಂದೆ. ಊರಿನಲ್ಲಿ ಪ್ರಾಣಿಗಳ ವಿಷಯ ತಿಳಿದವರು ಅಂದರೆ ಅವರೇ.

"ನಾನು ದನ ನೋಡೋನು ಅಕ್ಕ," ಎಂದು ಮೊದಲೇ ಹೇಳಿಕೊಂಡರು ಪುಟ್ಟೇಗೌಡರು. ಆದರೂ ಕನ್ನಡಕ ಹಾಕಿಕೊಂಡು, ಬಾಳೆಲೆಯ ಮೇಲಿದ್ದ ಮೀನನ್ನು ತಿರುಗಿಸಿ ಮುರುಗಿಸಿ ನೋಡಿದರು. ಬೆರಳಿನಿಂದ ಒತ್ತಿದರು. "ಹೊಟ್ಟೆ ಉಬ್ಬರ ಇಲ್ಲ. ಕಾಲುಬಾಯಿ ಜ್ವರ ಅಂತೂ ಅಲ್ಲ."

"ಅದಕ್ಕೆ ಕಾಲೇ ಇಲ್ವಲ್ಲ ಗೌಡ್ರೆ" ಅಂದೆ.

"ಅದಕ್ಕೇ ಅಲ್ಲ ಅಂದಿದ್ದು ಕಣಯ್ಯ."

ಆಮೇಲೆ ಅವರು ಕೋಣೆಯನ್ನು ಪರೀಕ್ಷಿಸಿದರು. ಗಾಳಿ ಪಂಪು ಇದ್ದದ್ದು ಅಡಿಗೆಮನೆಯ ಗೋಡೆಗೆ ಅಂಟಿದ ಗೂಡಿನಲ್ಲಿ. ಗೌಡರ ಕಣ್ಣು ಅಲ್ಲಿ ನಿಂತಿತು. "ಇದು ಈ ಕೋಣೆ ಗಾಳೀನ ಎಳ್ದು ನೀರಿಗೆ ಬುಡ್ತದೆ. ಅಕ್ಕ ಒಗ್ಗರಣೆ ಹಾಕಿದ್ರೆ ಘಾಟೆಲ್ಲ ಎಲ್ಲಿಗೋಯ್ತದೆ? ಮೆಣಸಿನಕಾಯಿ ಘಾಟಿಗೇ ಸತ್ತೋಗ್ಬುಡ್ತು ಮಾರಾಯ!"

ನನಗೂ ಹೌದೆನ್ನಿಸಿತು. ವರ್ಷಗಟ್ಟಲೆ ಕೆಮ್ಮಿದವನು ನಾನು. ಆದರೆ ಅಕ್ಕ ಒಪ್ಪಲಿಲ್ಲ. "ಅದು ಬಂದಾಗಿಂದ ದಿನಾ ಒಗ್ಗರಣೆ ಹಾಕಿದೀನಿ. ಅವಾಗೆಲ್ಲ ಯಾಕೆ ಸಾಯ್ಲಿಲ್ಲ?" ಗೌಡರಿಗೆ ತಮ್ಮ ಮಾತು ಬಿಟ್ಟುಕೊಡಲು ಮನಸ್ಸಿಲ್ಲ. ಪರೀಕ್ಷೆ ಮಾಡೋಣ ಅಂದರು. ಅಕ್ಕ ಬಾಣಲೆಯಲ್ಲಿ ಬ್ಯಾಡಗಿ, ಗುಂಟೂರು ಎರಡೂ ಹುರಿದರು. ಗೌಡರು ತೊಟ್ಟಿಯ ಮೇಲೆ ಬಗ್ಗಿ, ಏಳುವ ಗುಳ್ಳೆಗಳಿಗೆ ಮೂಗಿಟ್ಟು ನಿಂತರು. ಸ್ವಲ್ಪ ಹೊತ್ತಿಗೆ ಅವರು, ನಾನು, ಮುಂದೆ ಊಟಕ್ಕೆ ಕೂತಿದ್ದ ಕಂದಾಯ ಇಲಾಖೆ ಎಲ್ಲರೂ ಕೆಮ್ಮುತ್ತ ಬೀದಿಗೆ ಬಂದೆವು. ಘಾಟು ಗುಳ್ಳೆಯಿಂದ ಬಂತೋ ಬಾಗಿಲಿನಿಂದ ಬಂತೋ ಹೇಳಲಾಗಲಿಲ್ಲ. ಪರೀಕ್ಷೆ ಅಲ್ಲಿಗೆ ನಿಂತಿತು.

ಬೀದಿಯಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತ ಗೌಡರು ಇನ್ನೊಂದು ಮಾತು ಹೇಳಿದರು. "ಅಕ್ಕ, ಬೇಜಾರಾಗ್ಬ್ಯಾಡಿ. ಅಡಿಗೆ ಮಾಡೋ ಕೈ. ಅಭ್ಯಾಸದ ಮೇಲೆ ಒಂದು ಹಿಡಿ ಉಪ್ಪು ಏನಾರ..."

ಅಕ್ಕನ ಮುಖ ಕೆಂಪಾಯಿತು. ಘಾಟಿಗೆ ಅಲ್ಲ. ಉಪ್ಪಿನ ವಿಷಯದಲ್ಲಿ ಅವರನ್ನು ಯಾರೂ ಪ್ರಶ್ನಿಸಿದ್ದಿಲ್ಲ.

"ನಾನು ಉಪ್ಪು ಹಾಕಿಲ್ಲ ಗೌಡ್ರೆ."

"ಹಾಕಿಲ್ಲ ಅಂತ ಹೆಂಗೆ ಗೊತ್ತು? ರುಚಿ ನೋಡಿದೀರಾ?"

ಇದಕ್ಕೆ ಉತ್ತರ ಕೊಡಬಲ್ಲವನು ಹಮೀದ್. ಸಂತೆಯ ದಿನ ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಸಣ್ಣ ಲಾರಿಯಲ್ಲಿ ಐಸು ಹಾಕಿದ ಮೀನು ತರುತ್ತಿದ್ದವನು. ಆಫೀಸರಿಗೆ ಕ್ಯಾನಿನಲ್ಲಿ ಸಮುದ್ರದ ನೀರು ತಂದುಕೊಡುತ್ತಿದ್ದವನೂ ಅವನೇ. ಆ ವಾರವೂ ಒಂದು ಕ್ಯಾನು ತಂದಿದ್ದ. ಅಕ್ಕನ ಮೆಸ್ಸಿನ ಹೊಸಿಲಿಗೆ ಅವನು ಎಂದೂ ಬಂದವನಲ್ಲ. ಮೀನಿನ ವಾಸನೆಯ ಕೈ ಎಂದು ಅವನೇ ದೂರ ನಿಲ್ಲುತ್ತಿದ್ದ. ಅವತ್ತು ಸಂತೆಯ ದಿನವೇ ಆಗಿತ್ತು; ಅಕ್ಕ ತಾವೇ ಕರೆದು ಒಳಗೆ ಕೂರಿಸಿದರು. ಸತ್ತ ಮೀನನ್ನು ನೋಡಿ ಅವನು "ಛೆ" ಅಂದ.

"ಆಫೀಸರು ಬರುವವರೆಗೆ ನನ್ನ ಐಸಿನ ಪೆಟ್ಟಿಗೆಯಲ್ಲಿ ಇಡುವಾ ಅಕ್ಕ. ಕೆಡುದಿಲ್ಲ."

"ಅದರೊಳಗೆ ಏನೈತೆ?"

"ಬಂಗುಡೆ ಉಂಟು. ಬೂತಾಯಿ ಉಂಟು."

"ಸ್ವಾಮಿಗಳನ್ನ ಬಂಗುಡೆ ಜೊತೆ ಮಲಗಿಸ್ತೀಯಾ?"

ಹಮೀದ್ ನಗಲಿಲ್ಲ. "ಆಗುದಿಲ್ಲ ಅಕ್ಕ, ತಪ್ಪು" ಅಂದ.

ಆಮೇಲೆ ಉಪ್ಪಿನ ಪಂಚಾಯಿತಿ. ಹಮೀದ್ ತಾನು ತಂದ ಕ್ಯಾನಿನ ನೀರನ್ನು ಬೆರಳಿಗೆ ತಾಗಿಸಿ ನೆಕ್ಕಿದ. ಆಮೇಲೆ ತೊಟ್ಟಿಯದು. "ಎರಡೂ ಒಂದೇ ಅಕ್ಕ. ಉಪ್ಪು ಸರಿ ಉಂಟು." ಗೌಡರು ನೆಕ್ಕಿ, ಉಗುಳಿ, "ನಂಗೆ ಎರಡೂ ಕಷಾಯ ಇದ್ದಂಗೈತೆ" ಅಂದರು. ನಾನೂ ನೆಕ್ಕಿದೆ. ತೀರ್ಪು ಹೇಳುವ ನಾಲಿಗೆ ನನ್ನದಲ್ಲ.

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ತೊಟ್ಟಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡರು. ಅವರು ಊಟದ ಹೊತ್ತಿನ ಹೊರಗೆ ಏನನ್ನಾದರೂ ರುಚಿ ನೋಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅದೂ ಮೀನಿದ್ದ ನೀರು. ಕ್ಯಾನಿನದನ್ನೂ ನೋಡಿದರು.

"ಉಪ್ಪು ಸರಿಯಾಗೈತೆ," ಅಂದರು. ಆಮೇಲೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಬಾಯಿ ಮುಕ್ಕಳಿಸಿದರು.

ಉಪ್ಪೂ ಅಲ್ಲ, ಘಾಟೂ ಅಲ್ಲ. ಮೀನನ್ನು ಇನ್ನು ಇಡುವಂತಿರಲಿಲ್ಲ. ಹಿತ್ತಲಿನ ದಾಸವಾಳದ ಬುಡದಲ್ಲಿ ನಾನು ಗುಂಡಿ ತೋಡಿದೆ. ಅಕ್ಕನವರಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂರಿಸಿ ಹೂಳುತ್ತಾರೆ. ಅಕ್ಕ ಬಾಳೆಲೆಯ ಮೇಲಿದ್ದ ಮೀನನ್ನೂ ಗುಂಡಿಯನ್ನೂ ನೋಡಿ ತೊಡಕಿಗೆ ಬಿದ್ದರು.

"ಇದನ್ನ ಕೂರಿಸೋದು ಹೆಂಗೆ ಗೌಡ್ರೆ?"

ಗೌಡರು ಗಂಭೀರವಾಗಿ ಯೋಚಿಸಿದರು. "ಬದುಕಿದ್ದಾಗ್ಲೇ ಒಂದು ದಿನಾನೂ ಕೂತಿದ್ದಿಲ್ಲ ಅಕ್ಕ ಅದು. ಈಗೇನು ಹೊಸದಾಗಿ ಕೂರಿಸ್ತೀರಿ? ಮಲಗಿಸ್ಬುಡಿ."

ಅಕ್ಕ ವಿಭೂತಿಯ ಗಟ್ಟಿ ತಂದಿದ್ದರು. ಬೆರಳಿಗೆ ಹಚ್ಚಿಕೊಂಡು ಬಗ್ಗಿದವರು ಹಾಗೆಯೇ ನಿಂತರು. ಮೂರು ಪಟ್ಟೆ ಆಗಲೇ ಇದ್ದವು. "ಇವ್ರು ಹಚ್ಕೊಂಡೇ ಬಂದವ್ರೆ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಸಂತೆ ಬಿಟ್ಟು ಬಂದಿದ್ದ ಹಮೀದ್ ತಲೆಯ ಮೇಲಿನ ವಸ್ತ್ರ ಸರಿಮಾಡಿಕೊಂಡು ದೂರ ನಿಂತಿದ್ದ. ಜೀವಮಾನವೆಲ್ಲ ಮೀನು ಮಾರಿದವನು ಒಂದು ಮೀನಿನ ಮಣ್ಣಿಗೆ ಬಂದದ್ದು ಅದೇ ಮೊದಲಂತೆ.

ತರಬೇತಿ ಮುಗಿಸಿಕೊಂಡು ಆಫೀಸರು ಬಂದರು. ಅಕ್ಕ ಅವರಿಗೆ ಕಾಫಿ ಕೊಡುವ ಮೊದಲೇ ಹೇಳಿದರು. "ಸ್ವಾಮಿಗಳನ್ನ ಕಳ್ಕೊಂಡೆ ಕಣಪ್ಪ. ಯಾಕೆ ಅಂತ ನೀವೇ ಹೇಳ್ಬೇಕು." ಆಫೀಸರು ಚೀಲ ಕೆಳಗಿಟ್ಟು ತೊಟ್ಟಿಯ ಮುಂದೆ ಕೂತರು. ಸಿಟ್ಟು ಮಾಡಲಿಲ್ಲ. ಖಾಲಿ ಶಂಖದ ಕಡೆ ನೋಡಿ ಕೇಳಿದರು.

"ಏಡಿ ಮೊದಲು ಸತ್ತದ್ದಾ, ಮೀನು ಮೊದಲಾ?"

ನಮಗ್ಯಾರಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ. ಅಕ್ಕ ನೆನಪು ಮಾಡಿಕೊಂಡರು. "ಬಾಡಿಗೆದಾರ ಮೊದ್ಲೇ ಮನೆ ಬಿಟ್ಟು ಆಚೆ ಬಂದಿತ್ತು. ಸೆಕೆ ಅಂತ ಆಚೆ ಕೂತೈತೆ ಅಂದ್ಕೊಂಡೆ. ಆಮೇಲೆ ಸ್ವಾಮಿಗಳು ಊಟ ಬಿಟ್ರು."

"ನೀರು ಯಾವುದು ಹಾಕಿದ್ದು?"

"ನೀವು ಹೇಳಿದ್ದೇ. ಬಾವೀದು. ಅವತ್ತವತ್ತೇ ಸೇದಿ ಇಟ್ಟಿದ್ದು."

"ಯಾವುದರಲ್ಲಿ ಇಟ್ಟದ್ದು, ಅಕ್ಕ?"

ಅಕ್ಕ ಒಳಗೆ ಹೋಗಿ ಹೊತ್ತು ತಂದರು. ದೇವರ ಮನೆಯ ತಾಮ್ರದ ಬಿಂದಿಗೆ, ಅದರ ಬಾಯಿಗೆ ಮುಚ್ಚಿದ ತಾಮ್ರದ ಚೊಂಬು. ಹುಣಸೆಹಣ್ಣು ಹಾಕಿ ತಿಕ್ಕಿ, ಮುಖ ಕಾಣುವ ಹಾಗೆ ಬೆಳಗಿದ್ದರು. "ರಾತ್ರಿಯೆಲ್ಲ ಇದರಲ್ಲಿ ಇಟ್ಟು ಬೆಳಿಗ್ಗೆ ಹಾಕ್ತಿದ್ದೆ. ಕರೆಂಟು ಹೋದಾಗ ಇದೇ ಚೊಂಬಲ್ಲಿ ಅಭಿಷೇಕ. ಸ್ವಾಮಿಗಳಿಗೆ ಸ್ಟೀಲಲ್ಲಿ ಹಾಕ್ತೀನಾ?"

ಆಫೀಸರು ಬಿಂದಿಗೆಯನ್ನು ನೋಡಿದರು. ಅಕ್ಕನನ್ನು ನೋಡಿದರು.

"ಕರೆಂಟಿನದ್ದೇ ತೊಂದರೆ ಅಕ್ಕ. ಪಂಪು ನಿಂತು ಗಾಳಿ ಸಾಲದೆ ಹೋಯಿತು. ನೀವೇನೂ..."

"ಸುಳ್ಳು ಹೇಳ್ಬ್ಯಾಡಿ," ಅಂದರು ಅಕ್ಕ. "ಬಿಂದಿಗೆ ನೋಡಿದ್ಮೇಲೆ ನಿಮ್ ಮುಖ ಯಾಕೆ ಹಂಗಾಯ್ತು?"

ಆಫೀಸರಿಗೆ ತೋಟದ ಯಜಮಾನರ ಮುಂದೆ ಜಾಣತನ ಇದ್ದೀತು, ಅಕ್ಕನ ಮುಂದೆ ಇರಲಿಲ್ಲ. ನಿಜ ಹೇಳಿದರು. ಸಮುದ್ರದ ಜೀವಗಳಿಗೆ ತಾಮ್ರ ಆಗುವುದಿಲ್ಲ. ಹುಳಿ ಹಾಕಿ ತಿಕ್ಕಿದ ಪಾತ್ರೆಯಲ್ಲಿ ನೀರು ನಿಂತರೆ ತಾಮ್ರ ಅಷ್ಟಷ್ಟೇ ಇಳಿಯುತ್ತದೆ. ಉಪ್ಪುನೀರು ಎತ್ತಿ ಹುಯ್ದರೆ ಇನ್ನಷ್ಟು. ನೀರು ಆರುತ್ತದೆ, ತಾಮ್ರ ತೊಟ್ಟಿಯಲ್ಲೇ ಉಳಿಯುತ್ತದೆ. ಏಡಿಗೆ ಬೇಗ ತಟ್ಟುತ್ತದೆ, ಮೀನಿಗೆ ಆಮೇಲೆ.

"ನಾನು ಹುಟ್ಟಿದಾಗಿಂದ ಅದ್ರಲ್ಲೇ ಕುಡೀತಿದೀನಲ್ರೀ."

"ನಮಗೆ ಏನೂ ಆಗುದಿಲ್ಲ ಅಕ್ಕ. ಅವಕ್ಕೆ ಆಗುದಿಲ್ಲ."

ಬಾಗಿಲಲ್ಲಿ ನಿಂತಿದ್ದ ಪುಟ್ಟೇಗೌಡರು ತಲೆ ಚಚ್ಚಿಕೊಂಡರು. "ಹೌದಲ್ವಾ! ಕಾಫಿಗೆ ಮೈಲುತುತ್ತ ಹೊಡೀವಾಗ ಡ್ರಮ್ಮು ತೊಳ್ದ ನೀರು ಹಳ್ಳಕ್ಕೆ ಬಿದ್ರೆ ಮೀನೆಲ್ಲ ತೇಲ್ತಾವೆ ಕಣಕ್ಕ. ಮೈಲುತುತ್ತ ಅಂದ್ರೆ ತಾಮ್ರನೇ ತಾನೆ. ನನ್ ತಲೆಗೆ ಮೆಣಸಿನಕಾಯಿ ತುಂಬ್ಕೊಂಡಿತ್ತು."

ಅಕ್ಕ ಬಿಂದಿಗೆಯನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತರು.

"ಸ್ಟೀಲ್ ಬಿಂದಿಗೇಲಿ ಹಾಕಿದ್ರೆ ಬದುಕ್ತಿತ್ತಾ?"

"ಬದುಕ್ತಿತ್ತೋ ಏನೋ, ಅಕ್ಕ."

"ಪ್ಲಾಸ್ಟಿಕ್ ಬಕೀಟಲ್ಲಿ?"

"ಅದು ಎಲ್ಲದಕ್ಕಿಂತ ಒಳ್ಳೇದು."

"ಆ ಹಿತ್ತಲಲ್ಲಿ ಬಿದ್ದೈತಲ್ಲ, ಕಿವಿ ಮುರಿದಿರೋ ಬಕೀಟು?"

"ತೊಳೆದಿದ್ದರೆ... ಅದರಲ್ಲಿಯೂ ಆಗ್ತಿತ್ತು."

ಅಕ್ಕ ನಮ್ಮೆಲ್ಲರ ಮುಖವನ್ನೂ ನೋಡಿದರು. "ನೋಡ್ರಪ್ಪ. ಮುರುಕು ಬಕೀಟಲ್ಲಿ ಬದುಕೋದನ್ನ ದೇವರ ಚೊಂಬಲ್ಲಿ ಹುಯ್ದು ಹುಯ್ದು ಸಾಯಿಸ್ದೆ. ನಿಂಗೇನಪ್ಪ ಆಗ್ತದೆ ಅಂತ ಒಂದು ಮಾತು ಕೇಳಿದ್ನಾ ನಾನು?"

ಮೀನು ಹೇಗೆ ಉತ್ತರ ಕೊಡುತ್ತಿತ್ತು ಎಂದು ಗೌಡರು ಕೇಳಲು ಹೊರಟವರು, ಕನ್ನಡಕ ತೆಗೆದು ಒರೆಸತೊಡಗಿದರು.

ಮಾರನೆಯ ದಿನ ಮೆಸ್ಸಿನಲ್ಲಿ ಯಾರೂ ಕಂಡರಿಯದ ಒಂದು ಘಟನೆ ನಡೆಯಿತು. ಅಕ್ಕ ಮುದ್ದೆಯ ತಟ್ಟೆ ಹಿಡಿದು ಶಿರಸ್ತೇದಾರರ ಮುಂದೆ ನಿಂತು, "ಹಾಕ್ಲಾ?" ಎಂದು ಕೇಳಿದರು. ಶಿರಸ್ತೇದಾರರು ಗಾಬರಿಯಾಗಿ ಹಿಂದೆ ತಿರುಗಿ ನೋಡಿದರು, ಬೇರೆ ಯಾರನ್ನಾದರೂ ಕೇಳುತ್ತಿದ್ದಾರೋ ಎಂದು. ಇಷ್ಟು ವರ್ಷ ಬೇಡ ಬೇಡ ಎಂದು ಕೈ ಅಡ್ಡ ಹಿಡಿದವರಿಗೆ ಈಗ ಬೇಕು ಎನ್ನಲು ನಾಚಿಕೆ. "ಸಾಕು ಅಕ್ಕ" ಅಂದರು ಎಲ್ಲರೂ, ಮರ್ಯಾದೆಗೆ. ಅಕ್ಕ "ಆಗ್ಲಿ" ಎಂದು ಮುಂದೆ ಹೋದರು. ತಾಲ್ಲೂಕು ಕಚೇರಿ ಇಡೀ ಅರೆಹೊಟ್ಟೆಯಲ್ಲಿ ಎದ್ದಿತು. ಮಧ್ಯಾಹ್ನ ಅಲ್ಲಿ ಕೆಲಸಕ್ಕೆ ಹೋದವರನ್ನೆಲ್ಲ ಸಿಡಿಸಿಡಿ ಎಂದು ವಾಪಸು ಕಳಿಸಿದರಂತೆ. ಸಂಜೆ ಒಬ್ಬ ಗುಮಾಸ್ತ ನನ್ನ ಅಂಗಡಿಗೆ ಬಂದು, "ಅಕ್ಕನಿಗೆ ಮೈಯಲ್ಲಿ ಹುಷಾರಿಲ್ವೇನ್ರೀ?" ಎಂದು ಪಿಸುಗುಟ್ಟಿದ. ಬೇಕು ಎಂದು ಬಾಯಿಬಿಟ್ಟು ಕೇಳುವುದನ್ನು ಕಲಿಯಲು ಅವರಿಗೆ ಬಹಳ ದಿನ ಹಿಡಿಯಿತು.

ಕಾರಣ ಸಿಕ್ಕಿತು, ಆದರೂ ಅಕ್ಕ ಸುಶೀಲನ ಗಂಟನ್ನು ವಾಪಸು ತೆಗೆದುಕೊಳ್ಳಲಿಲ್ಲ. ಕೈಗುಣ ಕೆಟ್ಟಿಲ್ಲ ಎಂದು ಗೊತ್ತಾಗಿತ್ತು. ಕೈಯ ಮೇಲಿನ ನಂಬಿಕೆ ಹೋಗಿತ್ತು. "ಒಳ್ಳೇದು ಮಾಡ್ತೀನಿ ಅಂತ ಹೋಗಿ ಏನಾರ ಮಾಡ್ಬುಟ್ರೆ?" ಅನ್ನುತ್ತಿದ್ದರು.

ಮೊನ್ನೆ ಅಕ್ಕನ ಮಣ್ಣಿಗೆ ನನ್ನ ಮಗಳೂ ಬಂದಿದ್ದಳು. ಈಗ ಹೈಸ್ಕೂಲು. ಅವಳು ಒಂದು ಹಿಡಿ ಮಣ್ಣು ಹಾಕುವಾಗ, ಅವಳನ್ನು ಆಸ್ಪತ್ರೆಯಿಂದ ಮನೆಗೆ ತಂದ ದಿನ ನೆನಪಾಯಿತು.

ಆವತ್ತು ನಾನು ಅಕ್ಕನನ್ನು ಕರೆಯಲು ಹೋದೆ. ಅವರು ಸೊಪ್ಪು ಬಿಡಿಸುತ್ತಿದ್ದರು, ತಲೆ ಎತ್ತಲಿಲ್ಲ. "ಬ್ಯಾಡ ಕಣೋ. ಬೇರೆ ಯಾರ್ನಾರ ಕರಿ." ನಾನು ವಾಪಸು ಬಂದು ಹೇಳಿದೆ. ಸುಶೀಲ ಹಸಿ ಬಾಣಂತಿ, ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಅಳಲಿಲ್ಲ. "ಹೋಗಿ ಹೇಳಿ ಅಕ್ಕಂಗೆ, ಬೇರೆ ಯಾರೂ ಸಿಕ್ಕಿಲ್ಲ, ಕೂಸಿಗೆ ನೀವೇ ನೀರು ಹಾಕ್ತೀರ ಅಂತ" ಅಂದಳು.

"ನಾನಾ?"

"ಸುಮ್ನೆ ಹೋಗಿ ಹೇಳಿ."

ಹೇಳಿದೆ. ಅಕ್ಕನ ಕೈಯಿಂದ ಸೊಪ್ಪು ಬಿತ್ತು. "ನೀನಾ? ಆ ಗುಂಡಿ ಹೊಲಿಯೋ ಕೈಲಾ? ಎಳೆ ಕೂಸೇನು ಜುಬ್ಬ ಅಂದ್ಕೊಂಡ್ಯಾ, ಎಳ್ದು ಎಳ್ದು ನೋಡಾಕೆ?" ನಾನು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಅವರು ಬೀದಿಯ ತಿರುವು ದಾಟಿದ್ದರು.

ಬಚ್ಚಲ ಬಾಗಿಲವರೆಗೆ ಆ ಜೋರು ಇತ್ತು. ಒಳಗೆ ಮಣೆಯ ಮೇಲೆ ಕೂತು, ಕಾಲು ನೀಡಿ, ಕೂಸನ್ನು ಮೊಣಕಾಲ ಮೇಲೆ ಹಾಕಿಕೊಂಡ ಮೇಲೆ ದನಿ ಇಳಿಯಿತು. ಸುಶೀಲ ಅವರ ಪಕ್ಕದಲ್ಲಿದ್ದಳು, ನಾನು ಹೊರಗೆ ನಿಂತಿದ್ದೆ.

"ಹಂಡೆ ಯಾವ್ದೇ?"

"ಅಲ್ಯೂಮಿನಿಯಮ್ ಪಾತ್ರೆ ಅಕ್ಕ."

"ನೀರು?"

"ಬಾವೀದು."

"ಇಷ್ಟು ಬಿಸಿ ಆಗ್ತೈತಾ ಇದಕ್ಕೆ?"

"ನಂಗೇನು ಗೊತ್ತಕ್ಕ? ನಾನೂ ಮೊದಲ್ನೇ ಸಲ ಹೆತ್ತಿರೋದು."

ಚೊಂಬು ನೀರಿಗೆ ಅದ್ದಿದ ಸದ್ದಾಯಿತು. ಆಮೇಲೆ ಅಕ್ಕನ ದನಿ, ಬಹಳ ಮೆಲ್ಲಗೆ, ಕೂಸಿನ ಕಿವಿಯ ಹತ್ತಿರ ಬಗ್ಗಿ ಕೇಳಿದ ಹಾಗೆ.

"ಏನವ್ವಾ, ಹಾಕ್ಲಾ?"

ಸುಶೀಲ ಇದ್ದಕ್ಕಿದ್ದ ಹಾಗೆ ಕಿಸಕ್ಕನೆ ನಕ್ಕಳು. ಕೂಸು ಅಕ್ಕನ ಸೀರೆಯ ಮೇಲೆ ಬೆಚ್ಚಗೆ ಉಚ್ಚೆ ಹುಯ್ದಿತ್ತು.

"ಹೂಂ ಅಂದ್ಲು ಕಣೇ," ಅಂದರು ಅಕ್ಕ.

ಮೊದಲ ಚೊಂಬು ನೀರು ಬಿದ್ದ ಸದ್ದು ಕೇಳಿತು. ಕೂಸು ಬೀದಿಗೆಲ್ಲ ಕೇಳುವ ಹಾಗೆ ಕಿರುಚಿತು. ಅದರ ಹಿಂದೆಯೇ ಅಕ್ಕ ಅಳುವುದೂ ಕೇಳಿತು. ನಾನು ಬಾಗಿಲಿಗೆ ಕೈ ಇಟ್ಟೆ, ತಳ್ಳಲಿಲ್ಲ. ಒಳಗೆ ನೀರು ಹುಯ್ಯುವ ಸದ್ದು ಒಂದು ಸಲವೂ ನಿಲ್ಲಲಿಲ್ಲ.